ಬ್ರಿಟನ್ನಿನ ಚಳಿಗಾಲ ಮತ್ತು ಇಂಧನ ಬಡತನ

ಮನೆಯನ್ನು ಬೆಚ್ಚಗಿಡುವ ವೆಚ್ಚ ಕುಟುಂಬದ ಆದಾಯಕ್ಕೆ ಎಟುಕದ ಸ್ಥಿತಿಯನ್ನು ಬ್ರಿಟನ್ನಿನಲ್ಲಿ ಇಂಧನ ಬಡತನ ಎನ್ನುತ್ತಾರೆ. ಸಂಶೋಧಕಿ ಬ್ರೆಂಡಾ ಬೋರ್ಡ್‌ಮನ್ ಅವರ 1991ರ ಕೃತಿಯು, ಆದಾಯದ ಶೇ. 10ಕ್ಕಿಂತ ಹೆಚ್ಚನ್ನು ಇಂಧನಕ್ಕೆ ವ್ಯಯಿಸಬೇಕಾದ ಕುಟುಂಬಗಳನ್ನು ಈ ವರ್ಗಕ್ಕೆ ಸೇರಿಸಿತು. ಸಂಬಳದ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಅಲ್ಲಿನ ಎಷ್ಟೋ ಹಳೆಯ ಇಟ್ಟಿಗೆ ಮನೆಗಳ ಗೋಡೆಗಳಿಗೆ ಶಾಖ ತಡೆಯುವ ನಿರೋಧಕ ಪದರವೇ ಇಲ್ಲದಿರುವುದರಿಂದ, ಅನಿಲ ಉರಿಸಿ ಪಡೆದ ಬಿಸಿ ಹೊರಗೆ ಸೋರಿಹೋಗುತ್ತದೆ.

ಮುಂಗಡ ಪಾವತಿ ಮೀಟರ್, ಅಂದರೆ ಮೊಬೈಲ್ ರೀಚಾರ್ಜಿನಂತೆ ಮೊದಲೇ ಹಣ ತುಂಬಬೇಕಾದ ಮಾಪಕ, ಇರುವ ಮನೆಗಳ ಪಾಡು ಇನ್ನೂ ಕಠಿಣ: ತುಂಬಿದ ಹಣವೂ ಅಲ್ಪಸ್ವಲ್ಪ ತುರ್ತು ಸಾಲವೂ ಮುಗಿದರೆ ಪೂರೈಕೆ ತಾನಾಗಿ ನಿಲ್ಲುತ್ತದೆ, ಯಾರೂ ಬಂದು ಸಂಪರ್ಕ ಕಡಿತಗೊಳಿಸಬೇಕಾಗಿಲ್ಲ. ಇಂಥವರು ಒಂದೇ ಕೋಣೆಯನ್ನು ಬಿಸಿಮಾಡಿಕೊಂಡು, ಕಿಟಕಿ ಮುಚ್ಚಿ, ಬಟ್ಟೆಗಳನ್ನು ಒಳಗೇ ಒಣಗಿಸುವಾಗ ಏಳುವ ತೇವವು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ, ಮೂಲೆಗಳಲ್ಲಿ ಕಪ್ಪು ಬೂಷ್ಟಾಗಿ ಹಬ್ಬಿ, ಮಕ್ಕಳ ಉಸಿರಾಟಕ್ಕೇ ತೊಂದರೆ ಕೊಡುತ್ತದೆ.

ಇಂಧನ ಬೆಲೆ ಏರಿದಾಗ, 2022ರ ಅಕ್ಟೋಬರಿನಲ್ಲಿ ಸರ್ಕಾರವು ಸಾಧಾರಣ ಕುಟುಂಬದ ವಾರ್ಷಿಕ ಬಿಲ್ಲು ಸುಮಾರು 2,500 ಪೌಂಡಿಗೆ ನಿಲ್ಲುವಂತೆ ದರವನ್ನು ಹಿಡಿದಿಟ್ಟಿತು. ಗ್ರಂಥಾಲಯಗಳೂ ಚರ್ಚುಗಳೂ ಬೆಚ್ಚನೆಯ ತಾಣಗಳಾಗಿ ಬಾಗಿಲು ತೆರೆದವು. ಇವು ಬೇಕಾದ ನೆರವುಗಳೇ, ಆದರೆ ಸೋರುವ ಗೋಡೆಯನ್ನು ಇವು ಮುಟ್ಟಲಿಲ್ಲ. ಬಾಡಿಗೆ ಮನೆಗಳಲ್ಲಿ ಅದನ್ನು ಸರಿಪಡಿಸುವ ಅಧಿಕಾರ ಮನೆಮಾಲೀಕನದು, ಬಿಲ್ಲು ಮಾತ್ರ ಬಹುತೇಕ ಬಾಡಿಗೆದಾರನದೇ.