ಹಾಸ್ಟೆಲೋ, ಹೋಟೆಲೋ, ನೆಂಟರ ಮನೆಯೋ?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಆದರೆ ದೇಶ ಸುತ್ತುವವನು ರಾತ್ರಿ ಎಲ್ಲಿ ಮಲಗಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಪಾಸ್‌ಪೋರ್ಟ್ ಬಂತು, ವೀಸಾಕ್ಕೆ ಅರ್ಜಿ ಹಾಕಿದ್ದಾಯಿತು, ಬ್ಯಾಂಕಿನ ಸಾಲವೂ ಮಂಜೂರಾಯಿತು. ಇನ್ನೇನು ಹೊರಡಬೇಕು ಎನ್ನುವಾಗ ಮನೆಯಲ್ಲಿ ಏಳುವ ಕೊನೆಯ ಪ್ರಶ್ನೆ ಇದೇ: ‘ಅಲ್ಲಿ ಇಳಿದುಕೊಳ್ಳೋದು ಎಲ್ಲಿ?’

ಹೊಸಪೇಟೆ, ಸಂಡೂರು, ಕಂಪ್ಲಿಯಂಥ ಊರುಗಳಿಂದಲೂ ಮಕ್ಕಳು ಓದಿಗೆ, ತರಬೇತಿಗೆ, ಪ್ರವಾಸಕ್ಕೆಂದು ಹೊರದೇಶಗಳಿಗೆ ಹೊರಡುವ ಕಾಲ ಇದು. ಮಗನೋ ಮಗಳೋ ‘ಹಾಸ್ಟೆಲ್‌ನಲ್ಲಿ ಬುಕ್ ಮಾಡಿದ್ದೇನೆ’ ಎಂದರೆ ತಂದೆ-ತಾಯಿಗೆ ಸಮಾಧಾನವಾಗುತ್ತದೆ. ಆ ಸಮಾಧಾನ ಎಷ್ಟೋ ಸಲ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು.

ಒಂದೇ ಪದ, ಎರಡು ಅರ್ಥ

ನಮ್ಮ ಕಡೆ ಹಾಸ್ಟೆಲ್ ಎಂದರೆ ವಿದ್ಯಾರ್ಥಿ ನಿಲಯ. ವಾರಾನ್ನ ಉಂಡು ಓದಿದ ತಲೆಮಾರಿನ ನಂತರ ಮಠಗಳ ಉಚಿತ ಪ್ರಸಾದ ನಿಲಯಗಳು, ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿ ನಿಲಯಗಳು ಬಂದವು. ದೇವರಾಜ ಅರಸು ಅವರ ಆಡಳಿತದ 1970ರ ದಶಕದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಿಗೆ ಹೊಸ ಬಲ ಬಂತು. ಇವೆಲ್ಲದರಲ್ಲೂ ಒಬ್ಬ ವಾರ್ಡನ್, ಒಂದು ಹಾಜರಿ ಪುಸ್ತಕ, ಊಟದ ಗಂಟೆ, ರಾತ್ರಿ ಬಾಗಿಲು ಹಾಕುವ ಹೊತ್ತು ಇರುತ್ತವೆ. ಮಗ ಒಂದು ದಿನ ಕಾಣದಿದ್ದರೆ ಕೇಳುವವರಿರುತ್ತಾರೆ.

ಯುರೋಪಿನಲ್ಲೋ ಆಸ್ಟ್ರೇಲಿಯಾದಲ್ಲೋ ‘ಹಾಸ್ಟೆಲ್’ ಎಂದರೆ ಬಹುಮಟ್ಟಿಗೆ ಪ್ರವಾಸಿಗಳ ಸಾಮೂಹಿಕ ತಂಗುದಾಣ. ಒಂದು ಕೋಣೆಯಲ್ಲಿ 4, 6, 8, ಕೆಲವೊಮ್ಮೆ 12 ಮಂಚಗಳು, ಒಂದರ ಮೇಲೊಂದು. ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಪಕ್ಕದ ಮಂಚದಲ್ಲಿ ಮಲಗುವವರು ಯಾವ ದೇಶದವರೋ, ಎಷ್ಟು ದಿನಕ್ಕೆ ಬಂದವರೋ ಗೊತ್ತಿರುವುದಿಲ್ಲ. ವಿಶೇಷವಾಗಿ ಕೇಳದಿದ್ದರೆ ಗಂಡಸರು, ಹೆಂಗಸರು ಒಂದೇ ಕೋಣೆಯಲ್ಲಿ ಮಲಗುವ ವ್ಯವಸ್ಥೆಯೂ ಹಲವು ಕಡೆ ಉಂಟು. ವಾರ್ಡನ್ ಇರುವುದಿಲ್ಲ, ಸ್ವಾಗತದ ಮೇಜಿನಲ್ಲಿ ಒಬ್ಬ ನೌಕರ ಇರುತ್ತಾನೆ. ನಾವು ಹಾಸ್ಟೆಲ್ ಎನ್ನುವುದನ್ನು ಅಲ್ಲಿನವರು ವಿಶ್ವವಿದ್ಯಾಲಯದ ‘ಡಾರ್ಮಿಟರಿ’ ಅಥವಾ ‘ಸ್ಟೂಡೆಂಟ್ ರೆಸಿಡೆನ್ಸ್’ ಎನ್ನುತ್ತಾರೆ. ಈ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಬಗೆಹರಿದಂತೆ.

ಎರಡೂ ಅರ್ಥಗಳ ನಡುವೆ ನಿಲ್ಲುವ ಸಂಸ್ಥೆಗಳೂ ಇವೆ. ಲಂಡನ್ನಿನ ಫಿಟ್ಜ್‌ರಾಯ್ ಚೌಕದ ಇಂಡಿಯನ್ ವೈ.ಎಂ.ಸಿ.ಎ. ಅಂಥದ್ದು. ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಆಸರೆಯಾಗಲೆಂದು ಕೆ.ಟಿ. ಪಾಲ್ ಅವರು 1920ರಲ್ಲಿ ಅದನ್ನು ಆರಂಭಿಸಿದರು.

ಒಬ್ಬ ಮೇಷ್ಟ್ರ ಮಳೆಯ ರಾತ್ರಿ

ಪ್ರವಾಸಿಗಳ ಹಾಸ್ಟೆಲ್ ಎಂದರೆ ಮೂಗು ಮುರಿಯಬೇಕಾಗಿಲ್ಲ. ಅದರ ಮೂಲದಲ್ಲಿರುವವನೂ ಒಬ್ಬ ಶಾಲಾ ಮೇಷ್ಟ್ರೇ. ಜರ್ಮನಿಯ ರಿಚರ್ಡ್ ಶಿರ್‌ಮನ್ 1909ರ ಆಗಸ್ಟ್‌ನಲ್ಲಿ ತನ್ನ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು-ಮಳೆ ಹಿಡಿಯಿತು. ಒಂದು ಹಳ್ಳಿಯ ಶಾಲೆಯಲ್ಲಿ ಎಲ್ಲರೂ ಆ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೇ ಸಂಚಾರಿ ಮಕ್ಕಳ ತಂಗುದಾಣ ಮಾಡಬಾರದೇಕೆ ಎಂಬ ಯೋಚನೆ ಆತನಿಗೆ ಹೊಳೆದದ್ದು ಆಗ. ಕೆಲವೇ ವರ್ಷಗಳಲ್ಲಿ ಆಲ್ಟೆನಾ ಕೋಟೆಯೊಳಗೆ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. 1932ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೇ ಹುಟ್ಟಿತು. ನಮ್ಮ ದೇಶದ ಯೂತ್ ಹಾಸ್ಟೆಲ್ಸ್ ಸಂಘವೂ ಇದೇ ಬಳಗಕ್ಕೆ ಸೇರಿದ್ದು. ಇಲ್ಲಿ ಸದಸ್ಯರಾಗುವ ವಿದ್ಯಾರ್ಥಿ, ತನ್ನ ಕಾರ್ಡು ಹೊರದೇಶದ ಯೂತ್ ಹಾಸ್ಟೆಲ್‌ಗಳಲ್ಲಿ ನಡೆಯುತ್ತದೆಯೇ ಎಂದು ಸೇರುವಾಗಲೇ ಕೇಳಿಕೊಳ್ಳುವುದು ಲೇಸು.

ಇಂದು ಇಂಥ ಸಂಘಗಳ ಹಾಸ್ಟೆಲ್‌ಗಳ ಜೊತೆಗೆ ಖಾಸಗಿಯವರ ಸಾವಿರಾರು ಹಾಸ್ಟೆಲ್‌ಗಳಿವೆ. ಕೆಲವು ಶಾಂತವಾಗಿರುತ್ತವೆ. ಕೆಲವಕ್ಕೆ ಕೆಳಗಡೆಯೇ ಬಾರ್ ಇದ್ದು, ರಾತ್ರಿ ಎರಡರವರೆಗೆ ಗದ್ದಲವಿರುತ್ತದೆ. ಹೆಸರು ಒಂದೇ ಎಂಬ ಕಾರಣಕ್ಕೆ ಎಲ್ಲವೂ ಒಂದೇ ಎಂದುಕೊಳ್ಳಬಾರದು.

ಮನೆಯ ಪಕ್ಕದಲ್ಲೇ ಪಾಠ

ತಂಗುದಾಣ ಆರಿಸುವ ವಿದ್ಯೆಯನ್ನು ಕಲಿಯಲು ಹೊಸಪೇಟೆಯವರು ಬೇರೆಲ್ಲೂ ಹೋಗಬೇಕಾಗಿಲ್ಲ. ಪರದೇಶಿಗಳು ಈ ನೆಲಕ್ಕೆ ಬರಲು ಶುರುವಾಗಿ ಆರು ಶತಮಾನಗಳಾದವು. ನಿಕೊಲೊ ಕಾಂಟಿ, ಅಬ್ದುಲ್ ರಜಾಕ್, ಡೊಮಿಂಗೊ ಪಯಸ್ ಎಲ್ಲರೂ ಇಲ್ಲಿ ಬಂದು ತಂಗಿದವರೇ. 1986ರಲ್ಲಿ ಹಂಪಿಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆನ್ನಿಗೆ ಚೀಲ ಹೊತ್ತ ವಿದೇಶಿ ತರುಣ-ತರುಣಿಯರು ಹಂಪಿ ಎಕ್ಸ್‌ಪ್ರೆಸ್ಸಿನಿಂದ ಇಳಿದು, ನಕ್ಷೆ ಬಿಡಿಸಿ ‘ಎಲ್ಲಿ ಉಳಿಯುವುದು?’ ಎಂದು ಯೋಚಿಸುವುದು ಹೊಸಪೇಟೆ ನಿಲ್ದಾಣದಲ್ಲಿ ಕಾಣಸಿಗುವ ನೋಟ.

ಅವರ ಮುಂದಿರುವ ದಾರಿಗಳನ್ನು ನೋಡಿ. ಹೊಸಪೇಟೆಯ ಲಾಡ್ಜಿನಲ್ಲಿ ಉಳಿದರೆ ರೈಲು, ಬಸ್ಸು, ಆಸ್ಪತ್ರೆ, ಬ್ಯಾಂಕು ಎಲ್ಲವೂ ಹತ್ತಿರ. ಆದರೆ ದಿನವೂ ಸುಮಾರು 13 ಕಿ.ಮೀ. ಹೋಗಿ ಬರಬೇಕು. ಹಂಪಿಯಲ್ಲೇ, ಗುಡಿಯ ಸುತ್ತಲ ಓಣಿಯ ಮನೆಗಳ ಕೋಣೆ ಹಿಡಿದರೆ ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ನಡೆದೇ ಹೋಗಬಹುದು. ಆದರೆ ಸೌಕರ್ಯ ಕಡಿಮೆ. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಹೋಟೆಲ್ ಮಯೂರ ಭುವನೇಶ್ವರಿ ಇದೆ. ಖರ್ಚು ಕೊಂಚ ಹೆಚ್ಚು, ನಿಶ್ಚಿಂತೆಯೂ ಹೆಚ್ಚು. ಕಂಪ್ಲಿಯ ಕೋಟೆ ನೋಡಬೇಕು, ಸಂಡೂರಿನ ಕುಮಾರಸ್ವಾಮಿ ಬೆಟ್ಟ ಹತ್ತಬೇಕು ಎನ್ನುವವರು ಹೊಸಪೇಟೆಯಲ್ಲಿ ಇಳಿದುಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ತಿಳಿಯದೆ ಹೊರಟವರು ಪರದಾಡುತ್ತಾರೆ.

ಈ ಲೆಕ್ಕವೇ ಪ್ಯಾರಿಸ್ಸಿಗೂ, ಬರ್ಲಿನ್ನಿಗೂ ಅನ್ವಯಿಸುತ್ತದೆ. ನಗರದ ಹೊರವಲಯದಲ್ಲಿ ಅಗ್ಗದ ಮಂಚ ಸಿಕ್ಕಿತೆಂದು ಹಿಗ್ಗುವ ಮೊದಲು ದಿನದ ರೈಲು ಖರ್ಚು, ಹೋಗಿಬರುವ ಹೊತ್ತು, ರಾತ್ರಿಯ ಕೊನೆಯ ರೈಲು ಮೂರನ್ನೂ ನೋಡಬೇಕು.

ಇನ್ನೊಂದು ಪಾಠವೂ ಇಲ್ಲಿದೆ, ಅದು ಕಹಿಯಾದದ್ದು. ತುಂಗಭದ್ರೆಯ ಆಚೆ ದಂಡೆಯ ವಿರೂಪಾಪುರಗಡ್ಡೆ ವಿದೇಶಿ ಪ್ರವಾಸಿಗಳಿಗೆ ಅಚ್ಚುಮೆಚ್ಚಿನ ತಾಣವಾಗಿತ್ತು. ಹರಿಗೋಲು ದಾಟಿದರೆ ಗದ್ದೆಯ ಪಕ್ಕದ ಗುಡಿಸಲು, ಅಗ್ಗದ ಬಾಡಿಗೆ. ಆದರೆ ಅಲ್ಲಿನ ರೆಸಾರ್ಟ್‌ಗಳು ಅನಧಿಕೃತ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಅದಕ್ಕೂ ಮೊದಲು 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಲಾಗಿತ್ತು. ಬದುಕು ಕಳೆದುಕೊಂಡವರ ನೋವು ದೊಡ್ಡದು, ಅದರ ಚರ್ಚೆ ಬೇರೆ. ಪ್ರವಾಸಿ ಕಲಿಯಬೇಕಾದದ್ದು ಇಷ್ಟು: ಕೋಣೆ ಚೆನ್ನಾಗಿದೆಯೇ ಎನ್ನುವುದರ ಜೊತೆಗೆ ಅದಕ್ಕೆ ಪರವಾನಗಿ ಇದೆಯೇ ಎಂದೂ ಕೇಳಬೇಕು. ನ್ಯೂಯಾರ್ಕ್ ನಗರದಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆಗೆ ಕೊಡುವವರು ನೋಂದಣಿ ಮಾಡಿಸಿರಲೇಬೇಕೆಂಬ ನಿಯಮ 2023ರ ಸೆಪ್ಟೆಂಬರ್‌ನಿಂದ ಬಿಗಿಯಾಯಿತು. ಬಾರ್ಸಿಲೋನಾ ನಗರ ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಗಳನ್ನು 2028ರ ಹೊತ್ತಿಗೆ ಕೊನೆಗೊಳಿಸುವುದಾಗಿ 2024ರಲ್ಲಿ ಪ್ರಕಟಿಸಿತು. ಅನಧಿಕೃತ ಫ್ಲ್ಯಾಟಿಗೆ ಮುಂಗಡ ಕೊಟ್ಟು ಹೋದವರು ಬೀದಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಲ್ಲುವ ಪ್ರಸಂಗ ಬರಬಾರದು.

ಲೆಕ್ಕ ಹಾಕಿ ನೋಡಿ

ಒಬ್ಬನೇ ಹೋಗುವ ವಿದ್ಯಾರ್ಥಿಗೆ, ಮೂರು-ನಾಲ್ಕು ರಾತ್ರಿಗೆ ಹಾಸ್ಟೆಲ್ ಸಾಮಾನ್ಯವಾಗಿ ಅಗ್ಗ. ಇಬ್ಬರು ಮೂವರು ಸೇರಿದಾಗ ಲೆಕ್ಕ ಬದಲಾಗುತ್ತದೆ. ಉದಾಹರಣೆಗೆ ಅಣ್ಣ-ತಂಗಿ ಇಬ್ಬರು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮಂಚಕ್ಕೆ 35 ಯೂರೋದಂತೆ ಇಬ್ಬರಿಗೆ 70, ಬೆಳಗಿನ ತಿಂಡಿಗೆ ತಲಾ 8ರಂತೆ 16, ಒಟ್ಟು 86. ತಿಂಡಿ ಸಹಿತ ಸಣ್ಣ ಹೋಟೆಲಿನ ಎರಡು ಮಂಚದ ಕೋಣೆ 95ಕ್ಕೆ ಸಿಕ್ಕರೆ ಅಂತರ ಬರೀ 9 ಯೂರೋ. ಅಷ್ಟಕ್ಕೆ ಸ್ವಂತ ಬಚ್ಚಲು, ಬೀಗ ಹಾಕಿಕೊಳ್ಳುವ ಬಾಗಿಲು ಸಿಗುತ್ತವೆ.

ಇದೇ ಲೆಕ್ಕವನ್ನು ಅಡುಗೆಮನೆ ಮತ್ತೆ ತಿರುಗಿಸುತ್ತದೆ. ಬಹಳಷ್ಟು ಹಾಸ್ಟೆಲ್‌ಗಳಲ್ಲಿ ಎಲ್ಲರೂ ಬಳಸಬಹುದಾದ ಅಡುಗೆಮನೆ ಇರುತ್ತದೆ, ಹೋಟೆಲಿನಲ್ಲಿ ಇರುವುದಿಲ್ಲ. ಶಾಕಾಹಾರಿ ಮನೆಯ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಅನ್ನ ಇದ್ದರೆ ಒಂದು ಹೊತ್ತು ಕಳೆಯಿತು. ಆದರೆ ತಾಯಂದಿರು ಪ್ರೀತಿಯಿಂದ ತುಂಬಿಕೊಡುವ ತುಪ್ಪದ ಡಬ್ಬಿ, ಪೇಡೆ ಯುರೋಪ್ ಒಕ್ಕೂಟದ ಗಡಿ ದಾಟುವುದಿಲ್ಲ. ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಅಲ್ಲಿ ನಿಷೇಧಿಸಲಾಗಿದೆ. ಆಸ್ಟ್ರೇಲಿಯಾಕ್ಕೆ ಹೋಗುವವರು ಒಯ್ಯುವ ತಿಂಡಿ-ತಿನಿಸನ್ನು ಘೋಷಿಸಿಯೇ ಮುಂದೆ ಹೋಗಬೇಕು.

ಹೇಳಿದ ಬಾಡಿಗೆಯ ಮೇಲೆ ಬೀಳುವ ಸಣ್ಣಪುಟ್ಟ ಖರ್ಚುಗಳನ್ನೂ ಮರೆಯಬೇಡಿ. ಪ್ಯಾರಿಸ್, ರೋಮ್, ಆಮ್‌ಸ್ಟರ್‌ಡ್ಯಾಮ್‌ನಂಥ ನಗರಗಳಲ್ಲಿ ಪ್ರವಾಸಿ ತೆರಿಗೆ ಬೇರೆ. ಟವೆಲ್‌ಗೆ, ಸಾಮಾನು ಇಡುವುದಕ್ಕೆ ಕೆಲವು ಹಾಸ್ಟೆಲ್‌ಗಳು ಪ್ರತ್ಯೇಕ ಹಣ ಕೇಳುತ್ತವೆ. ಕಪಾಟಿಗೆ ಬೀಗ ನಿಮ್ಮದೇ ಆಗಿರಬೇಕಾಗಬಹುದು. ಒಂದು ಸಣ್ಣ ಬೀಗ ಊರಿನಿಂದಲೇ ಒಯ್ದರೆ ಒಳ್ಳೆಯದು.

ಹೆಣ್ಣುಮಕ್ಕಳ ತಂದೆ-ತಾಯಿಗೆ

ಹೆಣ್ಣುಮಕ್ಕಳಿಗಾಗಿಯೇ ಮೀಸಲಾದ ಕೋಣೆಗಳು ಅನೇಕ ಹಾಸ್ಟೆಲ್‌ಗಳಲ್ಲಿವೆ. ಬುಕ್ ಮಾಡುವಾಗಲೇ ಅದನ್ನು ಆರಿಸಬೇಕು. ಸ್ವಾಗತದ ಮೇಜಿನಲ್ಲಿ ರಾತ್ರಿಯಿಡೀ ಜನ ಇರುತ್ತಾರೆಯೇ, ವಿಮಾನ ತಡವಾದರೆ ಬಾಗಿಲು ತೆಗೆಯುವವರು ಯಾರು, ನಿಲ್ದಾಣದಿಂದ ಅಲ್ಲಿಗೆ ನಡೆಯುವ ದಾರಿ ಎಂಥದ್ದು ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. 18 ತುಂಬದವರನ್ನು ಸಾಮೂಹಿಕ ಕೋಣೆಗೆ ಸೇರಿಸಿಕೊಳ್ಳದ ಹಾಸ್ಟೆಲ್‌ಗಳು ಹಲವು. ನಡುರಾತ್ರಿ ಇಳಿಯುವ ವಿಮಾನವಾದರೆ, ಮೊದಲ ರಾತ್ರಿಗೆ ಮಾತ್ರ ನಿಲ್ದಾಣದ ಬಳಿಯ ಹೋಟೆಲ್ ಹಿಡಿಯುವುದು ದುಂದುವೆಚ್ಚವಲ್ಲ.

ಫೋನಿನ ವಿಷಯದಲ್ಲಿ ತಾಯಂದಿರಿಗೆ ಒಂದು ಕಿವಿಮಾತು. ಇಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಜರ್ಮನಿಗೆ ಫೋನ್ ಮಾಡಿದರೆ ಚಳಿಗಾಲದಲ್ಲಿ ಅಲ್ಲಿ ರಾತ್ರಿ ಒಂದೂವರೆ. ಏಳು ಜನ ಮಲಗಿರುವ ಕೋಣೆಯಲ್ಲಿ ಮಗಳು ಫೋನ್ ಎತ್ತಲಿಲ್ಲವೆಂದು ಗಾಬರಿ ಬೀಳಬಾರದು. ಮಾತಾಡುವ ಹೊತ್ತನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ನೆಂಟರ ಮನೆ ಎಷ್ಟು ದಿನ?

ನಮ್ಮವರು ಮೊದಲು ಹುಡುಕುವುದು ಪರಿಚಯದವರನ್ನು. ‘ಸೋದರಮಾವನ ಗೆಳೆಯರ ಮಗ ಅಲ್ಲೇ ಇದ್ದಾನೆ’ ಎಂಬ ಮಾತು ಎಲ್ಲ ಮನೆಯಲ್ಲೂ ಕೇಳುತ್ತದೆ. ಮೊದಲ ಎರಡು ಮೂರು ದಿನಕ್ಕೆ ಇದಕ್ಕಿಂತ ಒಳ್ಳೆಯ ಆಸರೆಯಿಲ್ಲ. ಆದರೆ ಅಲ್ಲಿನ ಮನೆಗಳು ಚಿಕ್ಕವು, ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಬಾಡಿಗೆ ಕರಾರಿನಲ್ಲಿ ಅತಿಥಿಗಳಿಗೆ ಮಿತಿಯೂ ಇರಬಹುದು. ಬರುವ ದಿನದ ಜೊತೆಗೆ ಹೊರಡುವ ದಿನವನ್ನೂ ಮೊದಲೇ ಹೇಳಿಬಿಟ್ಟರೆ ಸಂಬಂಧ ಉಳಿಯುತ್ತದೆ.

ಓದಲು ಹೋಗುವವರ ದಾರಿ ಬೇರೆ

ವರ್ಷಗಟ್ಟಲೆ ಇರಲು ಹೋಗುವವರಿಗೆ ಪ್ರವಾಸಿಗಳ ಹಾಸ್ಟೆಲ್ ಬರೀ ಮೆಟ್ಟಿಲು, ಮನೆಯಲ್ಲ. ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಇದನ್ನು ಸಾಮಾನ್ಯವಾಗಿ ಪ್ರವಾಸಿ ಹಾಸ್ಟೆಲ್‌ಗಳು ಕೊಡುವುದಿಲ್ಲ. ವಿಳಾಸ ನೋಂದಣಿಯಾಗದಿದ್ದರೆ ಮುಂದಿನ ಕಾಗದಪತ್ರಗಳೂ ನಿಲ್ಲುತ್ತವೆ. ಆದ್ದರಿಂದ ಪ್ರವೇಶ ಪತ್ರ ಕೈಸೇರಿದ ದಿನವೇ ವಿದ್ಯಾರ್ಥಿ ನಿಲಯಕ್ಕೂ ಅರ್ಜಿ ಹಾಕಬೇಕು. ಅಲ್ಲಿ ಸರತಿ ಸಾಲು ಉದ್ದ.

ಖಾಸಗಿ ಕೋಣೆ ಹಿಡಿಯುವವರು ಠೇವಣಿಯ ನಿಯಮ ತಿಳಿದಿರಬೇಕು. ಜರ್ಮನಿಯಲ್ಲಿ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಇಂಗ್ಲೆಂಡಿನಲ್ಲಿ 2019ರ ಕಾಯಿದೆಯ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗಳಿಗೆ ಐದು ವಾರದ ಬಾಡಿಗೆಯೇ ಮಿತಿ. ಮನೆ ತೋರಿಸದೆ, ಕರಾರು ಮಾಡದೆ, ‘ಇವತ್ತೇ ಹಣ ಕಳಿಸಿ, ಕೀಲಿ ಅಂಚೆಯಲ್ಲಿ ಬರುತ್ತದೆ’ ಎನ್ನುವವರಿಗೆ ಒಂದು ಕಾಸನ್ನೂ ಕಳಿಸಬಾರದು. ಹೊಲ ಅಡವಿಟ್ಟು ತಂದ ಹಣ ಹೀಗೆ ಹೋದರೆ ಹೊರದೇಶದಲ್ಲಿ ದೂರು ಕೊಡುತ್ತಾ ಅಲೆಯುವುದು ಸುಲಭವಲ್ಲ. ವಿಶ್ವವಿದ್ಯಾಲಯದ ವಸತಿ ಕಚೇರಿಯನ್ನು ಮೊದಲು ವಿಚಾರಿಸಿ.

ಪ್ರವಾಸಕ್ಕೆ ಷೆಂಗೆನ್ ವೀಸಾ ಕೇಳುವವರು ತಂಗುವ ಜಾಗದ ದಾಖಲೆಯನ್ನೂ, ಕನಿಷ್ಠ 30,000 ಯೂರೋ ವಿಮೆಯನ್ನೂ ತೋರಿಸಬೇಕು. ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಬುಕಿಂಗ್ ಮಾಡಿಸಿದರೆ ವೀಸಾ ಸಿಗದಿದ್ದರೂ ನಷ್ಟವಿಲ್ಲ.

ಮೊದಲು ಇಲ್ಲೇ ಅಭ್ಯಾಸ

ಹೊರದೇಶಕ್ಕೆ ಹೊರಡುವ ಮುನ್ನ ಎರಡು ರಾತ್ರಿ ನಮ್ಮ ರಾಜ್ಯದಲ್ಲೇ ಸಾಮೂಹಿಕ ತಂಗುದಾಣದಲ್ಲಿ ಇದ್ದು ಬರುವುದು ಒಳ್ಳೆಯದು. ಮೈಸೂರಿನ ಗಂಗೋತ್ರಿ ಬಡಾವಣೆಯಲ್ಲಿ ಯೂತ್ ಹಾಸ್ಟೆಲ್ ಇದೆ. ಅಪರಿಚಿತರ ಗೊರಕೆಯ ನಡುವೆ ನಿದ್ದೆ ಬರುತ್ತದೆಯೇ, ಪಾಸ್‌ಪೋರ್ಟನ್ನೂ ಹಣವನ್ನೂ ಎಲ್ಲಿಟ್ಟುಕೊಂಡು ಸ್ನಾನಕ್ಕೆ ಹೋಗುವುದು, ಬಚ್ಚಲಿಗೆ ಸರತಿ ನಿಲ್ಲುವ ತಾಳ್ಮೆ ಇದೆಯೇ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಒಗ್ಗದಿದ್ದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಸಣ್ಣ ಹೋಟೆಲಿಗೆ ಹಣ ಹೊಂದಿಸಿಕೊಂಡರಾಯಿತು.

ಎಷ್ಟು ರಾತ್ರಿ, ಯಾವ ಕೆಲಸಕ್ಕೆ, ನಡುರಾತ್ರಿ ತೊಂದರೆಯಾದರೆ ಯಾರು ಬಾಗಿಲು ತೆಗೆಯುತ್ತಾರೆ? ಈ ಮೂರು ಪ್ರಶ್ನೆಗಳನ್ನು ತಂದೆ-ತಾಯಿ, ಮಕ್ಕಳು ಒಟ್ಟಿಗೆ ಕೂತು ಕೇಳಿಕೊಂಡರೆ ಹಾಸ್ಟೆಲೋ ಹೋಟೆಲೋ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಆರಿಸಿದ ತಂಗುದಾಣದ ವಿಳಾಸ, ಫೋನ್ ನಂಬರು ಮತ್ತು ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರನ್ನು ಕಾಗದದಲ್ಲಿ ಬರೆದು ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಮಕ್ಕಳ ಜೇಬಿನಲ್ಲಿ ಇರಲಿ. ಓದಲು ಹೋಗುವವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಹೆಸರು ನೋಂದಾಯಿಸುವುದನ್ನೂ ಮರೆಯದಿರಲಿ. ಮೊಬೈಲಿನ ಬ್ಯಾಟರಿ ಮುಗಿದಾಗ ನೆರವಾಗುವುದು ಜೇಬಿನಲ್ಲಿರುವ ಆ ಚೀಟಿಯೇ.