ನರೋರಾದ ಬೆಂಕಿ ಕಲಿಸಿದ ಪಾಠ

ಬೈರಿದೇವರಕೊಪ್ಪದ ನಮ್ಮ ಮನೆಗಳಲ್ಲಿ ಸಂಜೆ ಗುಂಡಿ ಒತ್ತಿದೊಡನೆ ಬೆಳಕಾಗುತ್ತದೆ. ಕಾಳೀ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಕೇಂದ್ರದಿಂದ ಧಾರವಾಡದ ಬಳಿಯ ನರೇಂದ್ರಕ್ಕೆ 400 ಕಿಲೋವೋಲ್ಟ್ ತಂತಿಗಳು ಬಂದಿವೆ. ನಮ್ಮ ದೀಪಕ್ಕೆ ಅಲ್ಲಿನ ಪಾಲೂ ಉಂಟು. ಕೈಗಾದ ನಾಲ್ಕು ಘಟಕಗಳಲ್ಲಿ ಮೊದಲಿನ ಎರಡು 2000ದಲ್ಲಿ ಉತ್ಪಾದನೆಗೆ ತೊಡಗಿದವು. ಅವಕ್ಕೀಗ ಕಾಲು ಶತಮಾನ ತುಂಬಿದೆ. ‘ಅಲ್ಲಿ ಬೆಂಕಿ ಬಿದ್ದರೆ ಗತಿಯೇನು?’ ಎಂದು ತಾಯಂದಿರು ನಮ್ಮನ್ನು ಕೇಳುವುದುಂಟು. ಅದಕ್ಕೆ ಉತ್ತರವನ್ನು ನರೋರಾದಲ್ಲಿ ಹುಡುಕಬೇಕು.

ಉತ್ತರ ಪ್ರದೇಶದ ಗಂಗೆಯ ದಡದಲ್ಲಿರುವ ನರೋರಾ ಕೇಂದ್ರವೂ ಕೈಗಾದಂತೆ ಭಾರಜಲದ ಸ್ಥಾವರವೇ. 1993ರ ಮಾರ್ಚ್ 31ರ ಬೆಳಗಿನ ಜಾವ ಅಲ್ಲಿಯ ಮೊದಲ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದವು. ಯಂತ್ರ ಅದುರಿ, ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಅನಿಲ ಸೋರಿ ಹೊತ್ತಿಕೊಂಡಿತು. ಬೆಂಕಿ ಕೇಬಲ್ಲುಗಳ ಗುಂಟ ಹಬ್ಬಿತು. ಮುಖ್ಯ ಸರಬರಾಜಿನ ಕೇಬಲ್ಲುಗಳೂ ತುರ್ತು ಸರಬರಾಜಿನವೂ ನಡುವೆ ಸರಿಯಾದ ತಡೆಯಿಲ್ಲದೆ ಹಾಯ್ದಿದ್ದುದರಿಂದ ಎರಡೂ ಸುಟ್ಟವು. ಘಟಕವು 17 ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಉಳಿಯಿತು.

ಸಿಬ್ಬಂದಿಯು ಸ್ಥಾವರವನ್ನು ಒಂದು ನಿಮಿಷದೊಳಗೇ ನಿಲ್ಲಿಸಿದ್ದಿತು. ಆದರೆ ಒಲೆ ಆರಿಸಿದರೂ ಕೆಂಡ ಸುಡುವಂತೆ, ಅಣುಸ್ಥಾವರ ನಿಂತ ಮೇಲೂ ಅದರ ಒಡಲ ಕಾವು ಇಳಿಯುವುದಿಲ್ಲ. ಹೊಗೆ ತುಂಬಿ ನಿಯಂತ್ರಣ ಕೊಠಡಿಯನ್ನೇ ತೊರೆಯಬೇಕಾಯಿತು. ಆಗ ಕೆಲವರು ಬ್ಯಾಟರಿ ಹಿಡಿದು ಕತ್ತಲಲ್ಲಿ ಕಟ್ಟಡದ ಮೇಲೇರಿ, ಕೈಯಿಂದಲೇ ಕವಾಟ ತೆರೆದು, ಸ್ಥಾವರವು ತಾನಾಗಿ ಮತ್ತೆ ಚೇತನಗೊಳ್ಳದಿರಲೆಂದು ಬೋರಾನ್ ದ್ರಾವಣವನ್ನು ಬಿಟ್ಟರು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ನೀರುಣಿಸಿ ಕಾವನ್ನು ತಗ್ಗಿಸಿದರು. ವಿಕಿರಣ ಹೊರಬೀಳಲಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ಮಾಡಿದ ಈ ಕೆಲಸವನ್ನು ನಾವು ಕಾಯಕವೆಂದೇ ಕರೆಯುತ್ತೇವೆ.

ಆದರೆ ಆ ಸಾಹಸದ ಅಗತ್ಯವಾದರೂ ಏಕೆ ಬಂದಿತು? ಘಟಕ ಆಗ ಹಳೆಯದಾಗಿರಲಿಲ್ಲ. ವಾಣಿಜ್ಯ ಉತ್ಪಾದನೆ ಆರಂಭವಾದುದೇ 1991ರಲ್ಲಿ. ಅಲಗುಗಳ ದೋಷದ ಬಗ್ಗೆ ತಯಾರಕರ ಎಚ್ಚರಿಕೆ ಮೊದಲೇ ಬಂದಿದ್ದಿತು. ಅವುಗಳನ್ನು ಬದಲಿಸುವ ಕೆಲಸ ಉಳಿದಿದ್ದಿತು. ಕೇಬಲ್ಲುಗಳ ಪಾಠವೂ ಹೊಸದಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಕೇಂದ್ರದಲ್ಲಿ ಗಾಳಿಯ ಸೋರಿಕೆ ಪರೀಕ್ಷಿಸಲು ಹಿಡಿದ ಒಂದು ಮೇಣದಬತ್ತಿಯಿಂದ ಕೇಬಲ್ಲುಗಳಿಗೆ ಬೆಂಕಿ ತಗುಲಿದ್ದಿತು. 18 ವರ್ಷಗಳಾದರೂ ಆ ಪಾಠ ನರೋರಾಕ್ಕೆ ಮುಟ್ಟಿರಲಿಲ್ಲ.

ನರೋರಾದ ತರುವಾಯ ಅಲಗುಗಳ ವಿನ್ಯಾಸ ಬದಲಾಯಿತು. ಕೇಬಲ್ಲುಗಳ ರಕ್ಷಣೆಗೂ ಗಮನ ಬಂದಿತು. ಆಮೇಲೆ ಚಾಲನೆಗೊಂಡ ಕೈಗಾಕ್ಕೆ ಆ ಅನುಭವದ ಲಾಭವಿದೆ. ಆದರೂ ಯಂತ್ರಕ್ಕೆ ವಯಸ್ಸಾದಂತೆ ಆರೈಕೆ ಹೆಚ್ಚಬೇಕು. ತಾಯಂದಿರೇ, ಅಂಜಿಕೆಯನ್ನು ಬಿಡಿರಿ, ಪ್ರಶ್ನೆಯನ್ನು ಬಿಡಬೇಡಿರಿ. ತಪಾಸಣೆ ಸಕಾಲಕ್ಕೆ ನಡೆಯಿತೇ, ಬಂದ ಎಚ್ಚರಿಕೆಗೆ ಯಾರು ಏನು ಮಾಡಿದರು ಎಂದು ಕೇಳುವ ಹಕ್ಕು ದೀಪ ಹಚ್ಚುವ ಪ್ರತಿ ಮನೆಗೂ ಇದೆ.