ನಿಮಗಿದು ಗೊತ್ತೇ? ಬಿಡದಿ ದಾರಿಯ ಸರಿಗಮ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ಬಿಡದಿ ಅಂದರೆ ತಟ್ಟೆ ಇಡ್ಲಿ, ರಾಮನಗರ ಅಂದರೆ ರೇಷ್ಮೆಗೂಡು, ಚನ್ನಪಟ್ಟಣ ಅಂದರೆ ಬೊಂಬೆ. ಸಂಗೀತ ಕಲಿಯುವ ಮಗುವಿನ ಮೊದಲ ಪಾಠದಿಂದ ಸಿನಿಮಾ ಹಾಡಿನವರೆಗೆ ಎಷ್ಟೋ ಸಂಗತಿಗಳಿಗೂ ಈ ದಾರಿಯ ನಂಟಿದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

◆ ವೀಣೆಯ ತಂತಿಗೂ ಚನ್ನಪಟ್ಟಣ ಹೆಸರಾಗಿತ್ತು! ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿ ವಾದ್ಯಗಳಿಗೆಂದೇ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅದಕ್ಕೆ ದೂರದ ಊರುಗಳಿಂದ ಬೇಡಿಕೆ ಇದ್ದುದನ್ನೂ ಬರೆದಿಟ್ಟಿದ್ದಾನೆ. ನೂರು ವರ್ಷದ ನಂತರದ ಗೆಜೆಟಿಯರ್‌ನಲ್ಲೂ ಅರಗಿನ ಸಾಮಾನು, ಗಾಜಿನ ಬಳೆಗಳ ಜೊತೆಗೆ ಈ ತಂತಿಯ ಹೆಸರು ಬರುತ್ತದೆ. ತಂತಿ ಎಳೆಯುವುದು ಸುಲಭದ ಕೆಲಸವಲ್ಲ. ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಲೋಹವನ್ನು ಎಳೆದೆಳೆದು ಸಣ್ಣ ಮಾಡಬೇಕು. ಎಲ್ಲಾದರೂ ದಪ್ಪ ಹೆಚ್ಚುಕಮ್ಮಿಯಾದರೆ ಶ್ರುತಿ ನಿಲ್ಲುವುದಿಲ್ಲ. ವೀಣೆಯ ನಾಲ್ಕು ಮುಖ್ಯ ತಂತಿಗಳಲ್ಲಿ ಸಾರಣಿ ಮತ್ತು ಪಂಚಮ ಎರಡೂ ಉಕ್ಕಿನವು. ರಾಗದ ಬಹುಪಾಲು ನುಡಿಯುವುದು ಈ ಎರಡರ ಮೇಲೆಯೇ. ಬೊಂಬೆಯ ಕಸುಬುದಾರರಿಗೆ ಸಂದ ಮನ್ನಣೆಯಲ್ಲಿ ಒಂದು ಪಾಲು ಹೆಸರೇ ಉಳಿಯದ ಈ ತಂತಿಗಾರರಿಗೂ ಸಲ್ಲಬೇಕು.

◆ ಚನ್ನಪಟ್ಟಣ ದಾಟಿ ಮೈಸೂರು ಕಡೆ ಸ್ವಲ್ಪ ಮುಂದೆ ಹೋದರೆ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಕೈಯಲ್ಲಿ ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣ ಇದ್ದಾನೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ಮರದ ತೊಟ್ಟಿಲು ತಂದು ಒಪ್ಪಿಸುತ್ತಾರೆ. ಪುರಂದರದಾಸರು 'ಜಗದೋದ್ಧಾರನ' ಕೀರ್ತನೆಯನ್ನು ಹಾಡಿದ್ದು ಈ ಕೃಷ್ಣನ ಮುಂದೆಯೇ ಎಂಬುದು ಇಲ್ಲಿನ ಪ್ರತೀತಿ. ಇಂದು ಕಾಪಿ ರಾಗದಲ್ಲಿ ಕೇಳಿಬರುವ ಆ ಹಾಡನ್ನು ಎಂ.ಎಸ್. ಸುಬ್ಬುಲಕ್ಷ್ಮಿ ಕನ್ನಡ ಬಾರದವರ ಮನೆಗಳಿಗೂ ಮುಟ್ಟಿಸಿದರು.

◆ ಕರ್ನಾಟಕ ಸಂಗೀತ ಕಲಿಯುವ ಮಗು ಮದ್ರಾಸಿನಲ್ಲಿರಲಿ, ನ್ಯೂಜೆರ್ಸಿಯಲ್ಲಿರಲಿ, ಮೊದಲು ಹೇಳುವುದು ಸರಳೆ ವರಸೆ. ಆಮೇಲೆ ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ. ಸುಲಭದಿಂದ ಕಷ್ಟಕ್ಕೆ ಹತ್ತಿಸುವ ಈ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ಪುರಂದರದಾಸರು ಎಂದು ಸಂಗೀತ ಪರಂಪರೆ ನಂಬಿಕೊಂಡು ಬಂದಿದೆ. ಅವರಿಗೆ ಕರ್ನಾಟಕ ಸಂಗೀತ ಪಿತಾಮಹರೆಂಬ ಬಿರುದು ಬಂದದ್ದು ಹಾಡುಗಳಿಗಿಂತಲೂ ಹೆಚ್ಚಾಗಿ ಈ ಪಾಠಕ್ರಮದಿಂದ. ಪಠ್ಯಪುಸ್ತಕಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುವ ಕಾಲದಲ್ಲಿ ಶತಮಾನಗಳಿಂದ ಕದಲದೆ ನಿಂತಿರುವ ಪಾಠ ಇದು.

◆ ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವೇ ಏಕೆ? ಸ ಪಕ್ಕದಲ್ಲೇ ರಿ, ಗ ಪಕ್ಕದಲ್ಲೇ ಮ. ಮೇಲಿನ ಅರ್ಧದಲ್ಲೂ ಅದೇ ಲೆಕ್ಕ: ಪ ಪಕ್ಕದಲ್ಲೇ ದ, ನಿ ಪಕ್ಕದಲ್ಲೇ ಮೇಲಿನ ಸ. ಕೆಳಗಿನ ನಾಲ್ಕು ಸ್ವರ ಕಲಿತ ಗಂಟಲಿಗೆ ಮೇಲಿನ ನಾಲ್ಕು ತಾವಾಗಿ ಒದಗುತ್ತವೆ. ಹತ್ತಿರದ ಸ್ವರಗಳನ್ನು ಬೇರೆಬೇರೆಯಾಗಿ ಹಿಡಿಯುವ ಅಭ್ಯಾಸವೂ ಆಗುತ್ತದೆ. ಅದನ್ನೇ ಒಂದು, ಎರಡು, ಮೂರನೆಯ ಕಾಲದಲ್ಲಿ ಹೇಳಿಸುವಾಗ ತಾಳ ಹಾಕುವ ಕೈಯ ವೇಗ ಬದಲಾಗುವುದಿಲ್ಲ, ಸ್ವರಗಳು ಮಾತ್ರ ಇಮ್ಮಡಿ, ನಾಲ್ಮಡಿ. ಲೆಕ್ಕದ ಮೇಷ್ಟ್ರಿಲ್ಲದೆ ಮಗು ಭಿನ್ನರಾಶಿ ಕಲಿಯುವುದು ಇಲ್ಲೇ.

◆ ಇದೇ ಸ್ವರಗಳ ಮೇಲೆ ಎಲೆಕ್ಟ್ರಿಕ್ ಗಿಟಾರ್ ಕೂಡ ಕುಣಿದಿದೆ. ಪೂರ್ವ ಮೆಡಿಟರೇನಿಯನ್ ಸೀಮೆಯ ಹಳೆಯ ಧಾಟಿ 'ಮಿಸಿರ್ಲು'ವನ್ನು 1962ರಲ್ಲಿ ಡಿಕ್ ಡೇಲ್ ಅಮೆರಿಕದಲ್ಲಿ ಮಿಂಚಿನ ವೇಗದಲ್ಲಿ ನುಡಿಸಿದ. 1994ರಲ್ಲಿ 'ಪಲ್ಪ್ ಫಿಕ್ಷನ್' ಸಿನಿಮಾ ಅದನ್ನು ಮತ್ತೆ ಜಗತ್ತಿಗೆಲ್ಲ ಕೇಳಿಸಿತು. ಸರಳೆ ವರಸೆ ಬೇಸರವೆನ್ನುವ ಮಕ್ಕಳಿಗೆ ಒಮ್ಮೆ ಕೇಳಿಸಿ ನೋಡಿ.

◆ ಬಿಡದಿಯ ಕಾರು ಕಾರ್ಖಾನೆಯ ಹೆಸರಿನಲ್ಲಿರುವ 'ಕಿರ್ಲೋಸ್ಕರ್' ಸಂಗೀತದ ಚರಿತ್ರೆಯಲ್ಲೂ ದೊಡ್ಡ ಹೆಸರು! ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದೇ ಊರಿನಲ್ಲಿ 1843ರಲ್ಲಿ ಹುಟ್ಟಿದ್ದ ಅಣ್ಣಾಸಾಹೇಬ್ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕಟ್ಟಿದರು. ಅರಮನೆಯ ದರ್ಬಾರಿನಲ್ಲಿದ್ದ ರಾಗಗಳು ಟಿಕೆಟ್ ಕೊಂಡು ಬಂದ ಜನರ ಬಾಯಿಗೆ ಬಂದವು, ನಾಟ್ಯಸಂಗೀತವೆಂಬ ಹೊಸ ಶೈಲಿಯೇ ಹುಟ್ಟಿತು. ಕುಂದಗೋಳದ ಸವಾಯಿ ಗಂಧರ್ವರು ಆ ರಂಗದಲ್ಲೂ ಬೆಳಗಿದವರು. ಅವರ ಶಿಷ್ಯರೇ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯ ಇಂದು ಗಂಗೂಬಾಯಿಯವರ ಹೆಸರನ್ನೇ ಹೊತ್ತಿದೆ.

◆ ನಾಟಕ ಕಂಪನಿಗಳ ಜೀವವಾಗಿದ್ದ ಹಾರ್ಮೋನಿಯಂ ಅನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಬಹಿಷ್ಕರಿಸಿತು. ಸ್ವರವನ್ನು ತೂಗಿಸುವ ಗಮಕ ನುಡಿಸಲಾಗದ ಪೆಟ್ಟಿಗೆ ಎಂಬುದು ದೂರು. ಸಡಿಲಿಕೆ ಸಿಕ್ಕಿದ್ದು 1971ರಲ್ಲಿ. ಹಳ್ಳಿಯ ಭಜನೆ ಮನೆಗಳು ಮಾತ್ರ ಅದನ್ನು ಒಂದು ದಿನವೂ ಬಿಡಲಿಲ್ಲ.

◆ ಶ್ರುತಿಗಾಗಿ ಪಕ್ಕದಲ್ಲಿ ಒಬ್ಬರು ಕೂತು ತಂಬೂರಿ ಮೀಟಬೇಕಿದ್ದ ಕಷ್ಟವನ್ನು ಕಳೆದದ್ದು ಬೆಂಗಳೂರು. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಯಾರಿಸಿದರು. ಒಬ್ಬರೇ ಕೂತು ಸಾಧಕ ಮಾಡುವುದು ಅಲ್ಲಿಂದ ಸುಲಭವಾಯಿತು.

◆ ಜಯಚಾಮರಾಜ ಒಡೆಯರ್ 94 ಕರ್ನಾಟಕ ಕೃತಿಗಳನ್ನು ರಚಿಸಿದವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿಯೂ ಅವರಿಗಿತ್ತು. ರಷ್ಯಾದ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅರ್ಪಿಸಿದ್ದು ಈ ಮೈಸೂರು ಮಹಾರಾಜರಿಗೆ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ ಹಣದ ಭರವಸೆ ಕೊಟ್ಟವರೂ ಇವರೇ.

◆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತವರು ನಾಗಸ್ವರ ಮನೆತನದ ಕದ್ರಿ ಗೋಪಾಲನಾಥ್. ಬೆಲ್ಜಿಯಂನ ಆ ವಾದ್ಯದಲ್ಲಿ ಗಮಕ ಹೊರಡಿಸಲು ಅವರು ವರ್ಷಗಟ್ಟಲೆ ದುಡಿದರು, ಕೀಲಿಗಳನ್ನೇ ಬದಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯೇರಿದರು.

◆ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 'ಶೋಲೆ' ತೆರೆಕಂಡದ್ದು 1975ರ ಆಗಸ್ಟ್ 15ರಂದು. ಅದರ 'ಮೆಹಬೂಬಾ' ಹಾಡಿನ ಆರಂಭದ ಸದ್ದಿಗೆ ಆರ್.ಡಿ. ಬರ್ಮನ್ ಬಳಸಿದ್ದು ಖಾಲಿ ಬಾಟಲಿ. ಅದರ ಬಾಯಿಗೆ ಉಸಿರು ಊದಿ ಲಯ ಹುಟ್ಟಿಸಿದರು.

◆ ಕನಕಪುರದಿಂದ ಮಳವಳ್ಳಿ ದಾರಿ ಹಿಡಿದರೆ ಹಲಗೂರು. ಮಂಟೇಸ್ವಾಮಿ ಜನಪದ ಕಾವ್ಯದಲ್ಲಿ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಲು ಹೋಗುವುದು ಈ ಊರಿನ ಕಮ್ಮಾರರಾದ ಪಾಂಚಾಳರ ಬಳಿಗೆ. ಆ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರ ಕೈಯಲ್ಲಿರುವುದು ತಂಬೂರಿ. ಕಬ್ಬಿಣ ಕಾಯಿಸುವವರ ಸೀಮೆಯ ಕಾವ್ಯ, ತಂತಿ ಎಳೆಯುವವರ ಸೀಮೆಯ ವಾದ್ಯ: ಈ ನೆಲದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ.

◆ ನೀಲಗಾರರಿಗೆ ಸರಳೆ ವರಸೆ ಇಲ್ಲ, ನೋಟ್‌ಬುಕ್ಕೂ ಇಲ್ಲ. ಮುಂದಿನವರು ಹೇಳಿದ್ದನ್ನು ಹಿಮ್ಮೇಳದವರು ಹಿಡಿದು ಹಾಡುತ್ತಾರೆ. ವರ್ಷಗಟ್ಟಲೆ ಹಿಮ್ಮೇಳದಲ್ಲಿ ನಿಂತವರು ಒಂದು ದಿನ ಮುಂದಕ್ಕೆ ಬರುತ್ತಾರೆ. ನನ್ನ ಮಟ್ಟಿಗೆ ಇದೂ ವಿದ್ವತ್ ಪರೀಕ್ಷೆಗೆ ಸಮನಾದ ಶಿಕ್ಷಣ.

◆ ಇಂಥ ಕಲಿಕೆ ಕಣ್ಮರೆಯಾಗಬಾರದೆಂದು ಟೊಂಕ ಕಟ್ಟಿದವರು ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಹೆದ್ದಾರಿ ಬದಿಯ 15 ಎಕರೆಯಲ್ಲಿ ಜಾನಪದ ಲೋಕ. ಅಲ್ಲಿ ಜನಪದ ವಾದ್ಯಗಳ ಸಂಗ್ರಹವಿದೆ, ಕಲಾವಿದರ ಹಾಡುಗಳ ಧ್ವನಿಮುದ್ರಣಗಳಿವೆ, ಕುಣಿತಗಳ ತರಬೇತಿಯೂ ನಡೆಯುತ್ತದೆ. ಗಾಜಿನ ಹಿಂದೆ ನೇತುಹಾಕಿದ ವಾದ್ಯ ಅರ್ಧ ವಾದ್ಯವಷ್ಟೇ, ಬಾರಿಸುವ ಕೈ ಬಂದಾಗಲೇ ಅದು ಪೂರ್ತಿ. ನಾಗೇಗೌಡರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

◆ ತಮಟೆಗೆ ಶ್ರುತಿ ಕೂಡಿಸುವುದು ಬೆಂಕಿ! ಬಾರಿಸುವ ಮೊದಲು ಹುಲ್ಲಿಗೋ ತರಗಿಗೋ ಬೆಂಕಿ ಹಚ್ಚಿ, ಉರಿಯ ಮುಂದೆ ತಮಟೆಯನ್ನು ತಿರುಗಿಸುತ್ತಾ ಚರ್ಮ ಕಾಯಿಸುತ್ತಾರೆ. ಆಗಾಗ ಬೆರಳಿನಿಂದ ತಟ್ಟಿ ನಾದ ನೋಡುತ್ತಾರೆ. ಕಾವು ಕಡಿಮೆಯಾದರೆ ಸದ್ದು ಮಂಕು, ಹೆಚ್ಚಾದರೆ ಚರ್ಮ ಸೀಳುತ್ತದೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ. ಪೂಜಾ ಕುಣಿತದವರ ಹೆಜ್ಜೆ ಬದಲಾಗುವುದು ಈ ಎರಡು ಕೋಲಿನ ಮಾತಿಗೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಹಳ ತಡವಾಗಿ ಬಂದ ಗೌರವ ಅದು.

◆ 1987ರ 'ಪ್ರೇಮಲೋಕ'ದಿಂದ ಕನ್ನಡ ಸಿನಿಮಾ ಹಾಡಿನ ನಡೆಯನ್ನೇ ಬದಲಿಸಿದ ಹಂಸಲೇಖ ಶಾಲೆ ಕಟ್ಟಲು ಆರಿಸಿಕೊಂಡದ್ದು ಚನ್ನಪಟ್ಟಣದ ಸೀಮೆಯನ್ನು. ಅವರ 'ದೇಸಿ' ವಿದ್ಯಾಸಂಸ್ಥೆಯದ್ದು ಹಳ್ಳಿಯ ಮಕ್ಕಳಿಗೆ ಸಂಗೀತ, ರಂಗಭೂಮಿ, ಜನಪದ ಕಲೆ ಕಲಿಸುವ ಉದ್ದೇಶ. ಜನಪದರ ಹಾಡು ಐದು ಸ್ವರಗಳ ಮೇಲೆ ನಿಂತಿದೆಯೆಂಬ 'ಐದನಿ' ವಿಚಾರವನ್ನೂ ಅವರು ಮುಂದಿಟ್ಟಿದ್ದಾರೆ. ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ ಯಾವುದು ಗೊತ್ತೇ? 'ಗಾನಯೋಗಿ ಪಂಚಾಕ್ಷರಿ ಗವಾಯಿ'. ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಗುರುವಿನ ಕಥೆ ಅದು.

◆ ಶಿಶುನಾಳ ಶರೀಫರ ತತ್ವಪದಗಳನ್ನು ಸುಗಮ ಸಂಗೀತದ ವೇದಿಕೆಗೆ ತಂದವರು ಸಿ. ಅಶ್ವತ್ಥ್. ಅದೇ ಶರೀಫರನ್ನು ಗಿಟಾರ್, ಡ್ರಮ್ಸ್ ಜೊತೆ ಹೊರದೇಶಗಳಿಗೆ ಒಯ್ದವರು ಭರತನಾಟ್ಯ ಕಲಿತ ಮೈಸೂರಿನ ಹುಡುಗ ರಘು ದೀಕ್ಷಿತ್. 'ಹೊಸ ಶೈಲಿ' ಎನ್ನುವುದರ ಬೇರು ಎಷ್ಟೋ ಸಲ ಹಳೆಯ ಪಾಠದಲ್ಲೇ ಇರುತ್ತದೆ.

◆ ಕೊನೆಯದಾಗಿ ಓದುಗರಿಗೊಂದು ಕೋರಿಕೆ. ಮಾಗಡಿಯ ಕಡೆ, ಕನಕಪುರದ ಕಡೆ, ನಿಮ್ಮದೇ ಊರಿನಲ್ಲಿ ಸೋಬಾನೆ ಹೇಳುವ ಅಜ್ಜಿಯರು, ತಂಬೂರಿ ಪದದ ಹಿರಿಯರು ಇದ್ದೇ ಇರುತ್ತಾರೆ. ಈ ರಜೆಯಲ್ಲಿ ಮಕ್ಕಳನ್ನು ಅವರ ಹತ್ತಿರ ಕರೆದೊಯ್ಯಿರಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಾಡು ಹಿಡಿದಿಡಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ತಾರೀಖು ಇವಿಷ್ಟನ್ನೂ ಅವರ ಬಾಯಿಂದಲೇ ಹೇಳಿಸಿ. ಆಮೇಲೆ ಒಂದೇ ಒಂದು ಹಾಡನ್ನಾದರೂ ಮಕ್ಕಳು ಅವರಿಂದ ಪೂರ್ತಿ ಕಲಿಯಲಿ.